ಗಣಕಯಂತ್ರದ ದಾಸ್ತಾನು ಪಟ್ಟಿ

(ತಿರುವನಂತಪುರದ ಉಳ್ಳೂರಿನಲ್ಲಿ ರಾಜ್ಯೋತ್ಸವದಂದು ಮಾಡಿದ ಭಾಷಣ)



ಬ್ಯಾಂಕಿನ ಶಾಖೆಗೆ ಹೊಸ ಮ್ಯಾನೇಜರು ಬಂದರೆ, ಗುಮಾಸ್ತರಾದ ನಾವು ಮೊದಲು ಅವರ ಕೈಗಿಡುವುದು ದಾಸ್ತಾನು ಪಟ್ಟಿಯನ್ನು. ತಿಜೋರಿ ಎಲ್ಲಿದೆ, ಬೀಗದ ಕೈ ಎಷ್ಟು ಎಂದು ತಿಳಿಯದೆ ಅವರು ಅಧಿಕಾರ ವಹಿಸುವುದೆಂತು? ಗಣಕಯಂತ್ರದಲ್ಲಿಯೂ ಇಂಥದೇ ಏರ್ಪಾಡೊಂದುಂಟು. ಅದನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಮು ಎದ್ದು, ಆಡಳಿತವನ್ನೆಲ್ಲ ನಡೆಸುವ ಕರ್ನೆಲಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಯುಎಸ್‌ಬಿ ಸಾಧನವನ್ನು ನೀನಾರೆಂದು ಕೇಳಿದರೆ ಅದು ತನ್ನ ಗುರುತು ಹೇಳೀತು. ಆದರೆ ಚಿಪ್ಪಿನೊಳಗಿನ ಸೀರಿಯಲ್ ಪೋರ್ಟು, ಟೈಮರು ಮುಂತಾದವು ಬಾಯಿಬಿಡುವುದಿಲ್ಲ. ಅವು ಯಾವ ವಿಳಾಸದಲ್ಲಿವೆಯೆಂದು ಬರೆದುಕೊಡಬೇಕು. ಆ ಬರಹವೇ ಡಿವೈಸ್ ಟ್ರೀ.

ಹಿಂದೆ ಆರ್ಮ್ ಚಿಪ್ಪಿನ ಒಂದೊಂದು ಬೋರ್ಡಿನ ವಿವರವನ್ನೂ ಲಿನಕ್ಸ್ ಕರ್ನೆಲಿನೊಳಗೇ ತುಂಬುತ್ತಿದ್ದರು. 2011ರಲ್ಲಿ ಲಿನಸ್ ಟೋರ್ವಾಲ್ಡ್ಸರು ಈ ಗೊಂದಲವನ್ನು ಕಟುವಾಗಿ ಖಂಡಿಸಿದರು. ಪವರ್‌ಪಿಸಿ ಯಂತ್ರಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಈ ಪಟ್ಟಿಯ ಪದ್ಧತಿ ಆ ಬಳಿಕ ಆರ್ಮ್‌ಗೂ ಬಂತು. ಒಂದೇ ಕರ್ನೆಲು ಹಲವು ಬೋರ್ಡುಗಳಿಗೆ ಒಗ್ಗುವಂತಾಯಿತು.

ಪಟ್ಟಿ ಕೈಗೆ ಬಂದಾಗ ಕರ್ನೆಲು ಮೊದಲು ಅದರ ಶಿರೋಭಾಗದ ಗುರುತಿನ ಸಂಖ್ಯೆಯನ್ನು ಪರೀಕ್ಷಿಸುತ್ತದೆ. ಅನಂತರ ಅವಸರದ ಸಂಗತಿಗಳನ್ನಷ್ಟೇ ಓದುತ್ತದೆ: ಬೂಟ್‌ಲೋಡರ್ ಕಳುಹಿಸಿದ ಸೂಚನೆಗಳೇನು, ಮೆಮೊರಿ ಎಲ್ಲಿಂದ ಎಷ್ಟು, ಅದರಲ್ಲಿ ಮುಟ್ಟಬಾರದ ಭಾಗ ಯಾವುದು. ಮೆಮೊರಿಯ ಲೆಕ್ಕ ಕೂಡಿದ ಮೇಲೆಯೇ ಪಟ್ಟಿಯನ್ನೆಲ್ಲ ಬಿಡಿಸಿ, ಕೊಂಬೆಗಳುಳ್ಳ ಮರದಂತೆ ಜೋಡಿಸಿಕೊಳ್ಳುತ್ತದೆ. ಕಡೆಗೆ ಪ್ರತಿ ಸಾಧನದ ಹೆಸರನ್ನು ನೋಡಿ, ಅದಕ್ಕೆ ತಕ್ಕ ಡ್ರೈವರನ್ನು ಗೊತ್ತುಮಾಡುತ್ತದೆ.

ಇದು ನಮಗೆ ದೂರದ ಮಾತಲ್ಲ. ಇದೇ ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆಯಲ್ಲಿ ವೇಗಾ ಎಂಬ ಪ್ರೊಸೆಸರುಗಳು ರೂಪುಗೊಂಡಿವೆ. ಅವು ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ವಿಧಾನದವು. ಆ ವಿಧಾನದ ಯಂತ್ರದಲ್ಲಿ ಲಿನಕ್ಸ್ ಏಳುವಾಗ, ಯಾವ ಪ್ರೊಸೆಸರು ಎಂಬ ಸಂಖ್ಯೆಯನ್ನೂ ಪಟ್ಟಿಯಿರುವ ವಿಳಾಸವನ್ನೂ ಅದರ ಕೈಗೆ ಕೊಡುವುದು ನಿಯಮ. ನಮ್ಮ ದೇಶದ ಚಿಪ್ಪಿಗಾಗಿ ಬೇರೆ ಕರ್ನೆಲನ್ನು ಬುಡದಿಂದ ಕಟ್ಟಬೇಕಾಗಿಲ್ಲ. ನಿಜವಾದ ಪಟ್ಟಿಯನ್ನೂ ಇಲ್ಲದ ಡ್ರೈವರುಗಳನ್ನೂ ಬರೆದರೆ ಲೋಕದ ಕರ್ನೆಲು ಇಲ್ಲಿಯೂ ದುಡಿದೀತು.

ನಿಜವಾದ ಪಟ್ಟಿ ಎಂದೆವು. ಕರ್ನೆಲು ಪಟ್ಟಿಯ ಸ್ವರೂಪವನ್ನು ಪರೀಕ್ಷಿಸಬಲ್ಲದೇ ಹೊರತು ಅದರ ಸತ್ಯವನ್ನಲ್ಲ. ಇಲ್ಲದ ಮೆಮೊರಿಯನ್ನು ಇದೆಯೆಂದು ಬರೆದರೆ, ಯಂತ್ರ ತೆರೆಯ ಮೇಲೆ ಒಂದಕ್ಷರವನ್ನೂ ಮೂಡಿಸದೆ ನಿಂತುಹೋದೀತು. ಇರುವ ಸಾಧನವನ್ನು ಬರೆಯದೆ ಬಿಟ್ಟರೆ ಅದು ಇದ್ದೂ ಇಲ್ಲದಂತೆ.

ತಯಾರಕರು ಈ ವಿವರಗಳನ್ನು ಮುಚ್ಚಿಟ್ಟರೆ, ಗಟ್ಟಿಮುಟ್ಟಾದ ಯಂತ್ರಕ್ಕೂ ಹೊಸ ಕರ್ನೆಲು ಹಾಕುವುದು ಕಷ್ಟವಾಗಿ, ಅದು ಗುಜರಿಯ ಪಾಲಾಗುತ್ತದೆ. ಹಣ ಕೊಟ್ಟವರು ನಾವು; ಪಟ್ಟಿ ಇನ್ನೊಬ್ಬರ ಪೆಟ್ಟಿಗೆಯಲ್ಲಿ! ಆದುದರಿಂದ ಯಂತ್ರವನ್ನು ಕೊಳ್ಳುವಾಗ ಅದರ ಪಟ್ಟಿಯನ್ನೂ ಕೇಳೋಣ. ಬರೆಯಬಲ್ಲ ನಮ್ಮ ತರುಣರು ಅದನ್ನು ಬಚ್ಚಿಡದೆ ಬರೆಯಲಿ ಎಂದು ಹಾರೈಸಿ ವಿರಮಿಸುತ್ತೇವೆ.