ಬಯಲೇ ಕೋಟೆಯಾದಾಗ



ನಾಡಿಗೆ ನೆಲವೇ ಕಾವಲು ಎಂದೊಡನೆ ಸಾಮಾನ್ಯವಾಗಿ ನೆನಪಾಗುವುದು ಬೆಟ್ಟ, ಕಣಿವೆ, ದಟ್ಟ ಕಾಡು. ಚಿತ್ರದುರ್ಗದ ಬಂಡೆಗಳು, ಸಹ್ಯಾದ್ರಿಯ ಘಟ್ಟಗಳು, ಉತ್ತರದ ಹಿಮಾಲಯ ಕಣ್ಣ ಮುಂದೆ ಬರುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲದಲ್ಲಿ ಅಂಥ ಅಡ್ಡಗೋಡೆಗಳಿಲ್ಲ. ಕಣ್ಣು ಹಾಯುವಷ್ಟು ದೂರ ಎರೆಹೊಲ, ನಡುನಡುವೆ ಕಲ್ಲು ದಿಬ್ಬ, ಹಿಂಗಾರಿಯಲ್ಲಿ ಬಿಳಿಜೋಳ. ಆದರೂ ಈ ಬಯಲು ಒಂದು ರಾಜಧಾನಿಯನ್ನು ಒಂದಕ್ಕಿಂತ ಹೆಚ್ಚು ಸಲ ಉಳಿಸಿದೆ. ಹೇಗೆಂಬುದು ತಿಳಿಯಬೇಕಾದ ಸಂಗತಿ.

ಈ ಸೀಮೆಯ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ಮಳೆಗಾಲದಲ್ಲಿ ಹೊಳೆಗಳು ತುಂಬುತ್ತವೆ, ಎರೆಮಣ್ಣು ಕೆಸರಾಗಿ ಬಂಡಿಯ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ತೋಪು ಎಳೆಯುವುದಂತೂ ದೂರದ ಮಾತು. ಆದ್ದರಿಂದ ದಂಡೆತ್ತಿ ಬರುವವನು ದಸರೆಯ ನಂತರ ಹೊರಡಬೇಕು. ಆದರೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಾತ್ರ ಮಳೆ ಬೀಳುವ ಇಲ್ಲಿ, ದಾರಿ ಒಣಗುವ ಕಾಲಕ್ಕೆ ಹಳ್ಳಗಳೂ ಒಣಗತೊಡಗುತ್ತವೆ. ದಾರಿಯಿದ್ದಾಗ ನೀರಿಲ್ಲ, ನೀರಿದ್ದಾಗ ದಾರಿಯಿಲ್ಲ. ಈ ಬಯಲಿನ ರಕ್ಷಣೆಯ ಗುಟ್ಟು ಇಷ್ಟೇ.

ಹೊಳೆಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲಿಯೇ ಸಾಕ್ಷಿಯಿದೆ. ತಾಳಿಕೋಟೆ ಅಥವಾ ರಕ್ಕಸಗಿ-ತಂಗಡಗಿ ಯುದ್ಧವೆಂದು ಹೆಸರಾದ ಕಾಳಗ ನಡೆದದ್ದು 1565ರ ಜನವರಿಯಲ್ಲಿ. ರಕ್ಕಸಗಿ, ತಂಗಡಗಿಗಳು ಮುದ್ದೇಬಿಹಾಳದ ಕಡೆಯ ಊರುಗಳು. ವಿಜಯನಗರದ ಸೈನ್ಯಕ್ಕೆ ಕೃಷ್ಣೆಯೇ ಕಂದಕವಾಗಿತ್ತು. ಹೊಳೆ ದಾಟಬಹುದಾದ ಜಾಗದಲ್ಲಿ ಬಿಗಿ ಕಾವಲಿತ್ತು. ಇತಿಹಾಸಕಾರ ಫೆರಿಷ್ತಾ ಬರೆದಿರುವಂತೆ, ದಕ್ಷಿಣದ ಸುಲ್ತಾನರು ಬೇರೆ ಕಡೆ ದಾಟುವವರಂತೆ ನಟಿಸಿ ದಡದಗುಂಟ ಸಾಗಿದರು. ಎದುರು ದಡದ ಕಾವಲೂ ಅವರೊಂದಿಗೆ ಸರಿಯಿತು. ಸುಲ್ತಾನರು ಥಟ್ಟನೆ ಹಿಂತಿರುಗಿ ತೆರವಾದ ಜಾಗದಲ್ಲೇ ಹೊಳೆ ದಾಟಿದರು. ಹೊಳೆ ತಾನಾಗಿ ಯಾರನ್ನೂ ತಡೆಯಲಿಲ್ಲ. ತಡೆದದ್ದು ಕಾವಲಿನವರು, ಅವರು ಕದಲಿದೊಡನೆ ಅದು ಬರಿಯ ನೀರಾಯಿತು.

ಇದಾಗಿ ನೂರು ವರ್ಷಗಳ ನಂತರ ಈ ಬಯಲಿನ ಶಕ್ತಿ ಪರೀಕ್ಷೆಗೆ ಬಂತು. ಅದಕ್ಕೂ ಮೊದಲು, 1631ರಲ್ಲಿ, ವಿಜಾಪುರಕ್ಕೆ ಮುತ್ತಿಗೆ ಹಾಕಿದ್ದ ಮೊಗಲ್ ಸೇನಾಪತಿ ಆಸಫ್ ಖಾನ್ ಕಾಳು, ಮೇವು ಸಿಗದೆ ಹಿಂದಿರುಗಿದ್ದ. 1665ರ ಕೊನೆಗೆ ಔರಂಗಜೇಬನ ಸೇನಾಪತಿ ಮಿರ್ಜಾ ರಾಜಾ ಜಯಸಿಂಹ ಬಂದ. ಪುರಂದರದ ಒಪ್ಪಂದದಂತೆ ಶಿವಾಜಿಯೂ ಆಗ ಅವನ ಜೊತೆಗಿದ್ದ. ಬೇಗ ತಲುಪಬೇಕೆಂಬ ಆತುರದಲ್ಲಿ ಜಯಸಿಂಹ ಭಾರಿ ತೋಪುಗಳನ್ನು ಹಿಂದೆಯೇ ಬಿಟ್ಟಿದ್ದ.

ಎರಡನೆಯ ಅಲಿ ಆದಿಲ್‌ಶಾಹಿಯ ಕಡೆಯವರು ಕಾದದ್ದು ಗೋಡೆಯನ್ನಷ್ಟೇ ಅಲ್ಲ. ರಾಜಧಾನಿಯ ಸುತ್ತ ಸುಮಾರು ಆರು ಮೈಲಿಯವರೆಗೆ ಬಾವಿಗಳನ್ನು ಮಣ್ಣಿನಿಂದ ಮುಚ್ಚಿದರು. ನವರಸಪುರ, ಶಹಾಪುರಗಳ ಕೆರೆಗಳನ್ನು ಬರಿದು ಮಾಡಿದರು. ಗಿಡಮರ ಕಡಿದು ನೆರಳಿಗೂ ಅವಕಾಶವಿಲ್ಲದಂತೆ ಮಾಡಿದರು. ಕೋಟೆಯ ಒಳಗಿನವರಿಗೆ ತಾಜ್ ಬಾವಡಿ, ಚಾಂದ್ ಬಾವಡಿಗಳ ನೀರಿತ್ತು. ಹೊರಗೆ ಬೀಡುಬಿಟ್ಟವನಿಗೆ ಹನಿ ನೀರೂ ಇರಲಿಲ್ಲ. ಕುದುರೆ ದಂಡು ಮೊಗಲರ ಬೆನ್ನಿಗೆ ಬಿದ್ದು ಸಾಮಗ್ರಿ ಬರುವ ದಾರಿಯನ್ನು ಕಾಡುತ್ತಿತ್ತು. ಕೋಟೆಗೆ ಹತ್ತು-ಹನ್ನೆರಡು ಮೈಲಿಯಷ್ಟು ಹತ್ತಿರ ಬಂದಿದ್ದ ಜಯಸಿಂಹ ಒಂದು ವಾರ ಕಾದು, 1666ರ ಜನವರಿಯಲ್ಲಿ ಹಿಂದಕ್ಕೆ ಹೊರಟ. 1812ರಲ್ಲಿ ರಷ್ಯನ್ನರು ನೆಪೋಲಿಯನ್ನನ ಮುಂದೆ ಊರು, ಕಣಜಗಳನ್ನು ಸುಟ್ಟು ಹಿಂದೆ ಸರಿದ ಕಥೆ ಜಗತ್ತಿಗೆಲ್ಲ ಗೊತ್ತು. ಅದಕ್ಕೆ ಸುಮಾರು ಒಂದೂವರೆ ಶತಮಾನ ಮೊದಲೇ ವಿಜಾಪುರದವರು ಇದೇ ಉಪಾಯ ಮಾಡಿದ್ದರು.

ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ಮುಚ್ಚಿದ ಬಾವಿ ಯಾರದು? ಬರಿದಾದ ಕೆರೆಯ ಕೆಳಗಿನ ಹೊಲ ಯಾರದು? ಶತ್ರು ಹೋದ ಮೇಲೆ ಮಣ್ಣು ತೆಗೆದು ಮತ್ತೆ ನೀರು ಕಾಣಬೇಕಾದವನು ರೈತ. ಬಯಲು ಸೀಮೆಯ ಬಾವಿ ಒಂದು ತಲೆಮಾರಿನ ದುಡಿಮೆ. ಕಡಿದ ಮರ ಮತ್ತೆ ನೆರಳು ಕೊಡಲು ವರ್ಷಗಳು ಬೇಕು. ಗೆಲುವು ಅರಮನೆಯ ಲೆಕ್ಕಕ್ಕೆ ಬಂದರೆ ಅದರ ವೆಚ್ಚ ಹಳ್ಳಿಯ ಲೆಕ್ಕಕ್ಕೆ ಬಂತು.

ಅದೂ ಅಲ್ಲದೆ, ಈ ಉಪಾಯ ಎಲ್ಲ ಕಾಲಕ್ಕೂ ನಡೆಯಲಿಲ್ಲ. 1668ರ ಒಪ್ಪಂದದಲ್ಲಿ ಸೊಲ್ಲಾಪುರ ಮೊಗಲರ ಕೈಸೇರಿತು. ವಿಜಾಪುರದಿಂದ ಅದು ಸುಮಾರು 100 ಕಿಲೋಮೀಟರ್. ನಡುವೆ ಉಳಿದದ್ದು ಭೀಮೆ ಮತ್ತು ಇಂಡಿ ಸೀಮೆಯ ಬಯಲು ಮಾತ್ರ. ದೂರದಲ್ಲಿದ್ದ ಶತ್ರುವಿನ ಉಗ್ರಾಣ ಬಾಗಿಲಿಗೇ ಬಂದಂತಾಯಿತು. 1685ರ ಏಪ್ರಿಲ್‌ನಲ್ಲಿ ಮುತ್ತಿಗೆ ಆರಂಭವಾದಾಗ ಮೊಗಲ್ ದಂಡಿಗೂ ಹಸಿವು ತಟ್ಟಿತು. ಆದರೆ ಈ ಸಲ ಸಾವಿರಾರು ಎತ್ತುಗಳ ಮೇಲೆ ಕಾಳು ಹೇರಿಕೊಂಡು ಬಂತು. 1686ರ ಜುಲೈಯಲ್ಲಿ ಔರಂಗಜೇಬನೇ ಬಂದು ನಿಂತ. ಅದೇ ವರ್ಷದ ಸೆಪ್ಟೆಂಬರ್ 12ರಂದು ಸಿಕಂದರ್ ಆದಿಲ್‌ಶಾಹಿ ಶರಣಾದ. ಬಯಲಾಗಲಿ ಹೊಳೆಯಾಗಲಿ ಬದಲಾಗಿರಲಿಲ್ಲ. ಬದಲಾದದ್ದು ಶತ್ರುವಿನ ಬಳಿಯಿದ್ದ ಸಮಯ ಮತ್ತು ಉಗ್ರಾಣದ ದೂರ. ಜೊತೆಗೆ ಬಯಲಲ್ಲಿ ಕಾದಾಡುವ ದಂಡೂ ವಿಜಾಪುರಕ್ಕೆ ಮೊದಲಿನಷ್ಟು ಉಳಿದಿರಲಿಲ್ಲ.

ಹೀಗೆ ನೆಲ ಕೊಡುವುದು ಕಾಲಾವಕಾಶವನ್ನು. ಅದನ್ನು ಬಳಸಿಕೊಳ್ಳುವ ಆಡಳಿತ, ಕಷ್ಟ ಹೊರಲು ಸಿದ್ಧರಾದ ಜನ, ಇಬ್ಬರೂ ಇದ್ದರೆ ಮಾತ್ರ ಅದು ಕೋಟೆಯಾಗುತ್ತದೆ. ಇಂದು ಆಲಮಟ್ಟಿ, ನಾರಾಯಣಪುರಗಳಲ್ಲಿ ಕೃಷ್ಣೆಗೆ ಅಣೆಕಟ್ಟುಗಳಿವೆ. ಕಾಲುವೆಗಳು ಇಂಡಿಯ ಕಡೆಗೂ ಹರಿದಿವೆ. ಈ ಸೀಮೆಯ ಜನ ನೀರಿನ ಬೆಲೆಯನ್ನು ಯುದ್ಧದಿಂದ ಕಲಿಯಬೇಕಾದ ಕಾಲ ಕಳೆದಿದೆ. ಆದರೆ ಶತ್ರುವಿಗೆ ಸಿಗದಂತೆ ತಮ್ಮ ಬಾವಿಯನ್ನೇ ಮುಚ್ಚಿಕೊಂಡವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ವಿಜಾಪುರದ ಗೋಡೆಯನ್ನು ನೋಡಹೋದವರು ಅವರನ್ನೂ ಒಮ್ಮೆ ನೆನೆಯಬೇಕು.