ಮೂವತ್ತು ಊರು, ಏಳು ಮಕ್ಕಳು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಒಂದೇ ಪಾತ್ರೆಯ ಅಗುಳುಗಳಿಗೆಲ್ಲ ಒಂದೇ ಉರಿ ತಾಗಿರುತ್ತದೆ. ಸಮಾಜ ಹಾಗಲ್ಲ. ಅಲ್ಲಿ ಊರಿಗೊಂದು ಒಲೆ, ಊರಿಗೊಂದು ಪಾತ್ರೆ. ಒಂದರಿಂದ ನೂರು ಅಗುಳು ತೆಗೆದರೂ ಪಕ್ಕದ ಪಾತ್ರೆಯ ಸುದ್ದಿ ತಿಳಿಯದು.

ಆದರೂ ಸಮೀಕ್ಷೆ ನಡೆಸುವವರು ಮೊದಲು ಊರುಗಳನ್ನೇ ಆರಿಸುತ್ತಾರೆ. ಎಲ್ಲ ಮನೆಗಳ ಪಟ್ಟಿ ಸಿಗುವುದು ಕಷ್ಟ. ಚೀಟಿ ಎತ್ತಿದ ಮನೆಗಳು ಚದುರಿದ್ದರೆ ಓಡಾಟದ ಖರ್ಚೇ ಹಣವನ್ನೆಲ್ಲ ನುಂಗುತ್ತದೆ. ಮಹಾಲನೋಬಿಸ್ ಅವರ ಮಾರ್ಗದರ್ಶನದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಮೊದಲು ಹಳ್ಳಿ, ಅನಂತರ ಮನೆ ಎಂಬ ದಾರಿಯನ್ನೇ ಹಿಡಿಯಿತು.

ಈ ಅನುಕೂಲಕ್ಕೆ ತೆರಬೇಕಾದ ಬೆಲೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಲಸಿಕಾ ಸಮೀಕ್ಷೆಯ ಹಳೆಯ ವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ. 30 ಗುಂಪು, ಗುಂಪಿಗೆ 7 ಮಕ್ಕಳು, ಒಟ್ಟು 210. ಮಕ್ಕಳನ್ನು ಬಿಡಿಬಿಡಿಯಾಗಿ ಚೀಟಿ ಎತ್ತಿ ಆರಿಸಿದ್ದರೆ, ಹತ್ತು ಅಂಶ ಅತ್ತಿತ್ತಲಿನ ನಿಖರತೆಗೆ 96 ಮಕ್ಕಳು ಸಾಕಿತ್ತು. ಆದರೆ ದಾದಿ ತಲುಪಿದ ಊರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಲಸಿಕೆ. ತಲುಪದ ಊರಲ್ಲಿ ಯಾರಿಗೂ ಇಲ್ಲ. ಏಳು ಬಾಯಿ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಹೀಗಾಗಿ ಸಂಖ್ಯೆಯನ್ನು ಇಮ್ಮಡಿಗೊಳಿಸಿದರು. ಈ ಗುಣಕಕ್ಕೆ ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ ಇಟ್ಟ ಹೆಸರು ‘ವಿನ್ಯಾಸ ಪರಿಣಾಮ’. ಗುಣಕ ಎರಡಾದರೆ 210 ಮಕ್ಕಳು 105 ಮಕ್ಕಳಷ್ಟೇ ಮಾಹಿತಿ ಕೊಡುತ್ತಾರೆ.

ಹಾಗಾದರೆ ಊರಿಗೆ 14 ಮಕ್ಕಳನ್ನು ನೋಡಿದರಾಯಿತೇ? ಅದೇ ಹೋಲಿಕೆಯ ಲೆಕ್ಕದಲ್ಲಿ ಆ 420 ಮಕ್ಕಳ ತೂಕ ಸುಮಾರು 133. ಅದೇ 420 ಮಕ್ಕಳನ್ನು 60 ಊರುಗಳಿಂದ ಆರಿಸಿದರೆ ತೂಕ 210. ಊರು ಹೆಚ್ಚಿಸಿದಷ್ಟು ಲಾಭ ಮನೆ ಹೆಚ್ಚಿಸಿದರೆ ಇಲ್ಲ.

ಇದು ಬರಿಯ ಗಣಿತದ ಮಾತಲ್ಲ. ಒಂದು ಜಿಲ್ಲೆಯಲ್ಲಿ ಇಂಥ ಎರಡು ಸಮೀಕ್ಷೆಗಳು ನಡೆದು, ಲಸಿಕೆಯ ಪ್ರಮಾಣ ಶೇಕಡಾ 50ರಿಂದ 62ಕ್ಕೆ ಏರಿತೆಂದುಕೊಳ್ಳಿ. ಗುಂಪನ್ನು ಮರೆತು ಲೆಕ್ಕ ಹಾಕಿದರೆ ಒಂಬತ್ತು ಅಂಶ ಮೀರಿದ ವ್ಯತ್ಯಾಸವೆಲ್ಲ ನಿಜವಾದ ಏರಿಕೆಯೇ. ನೆನಪಿಟ್ಟು ಲೆಕ್ಕ ಹಾಕಿದರೆ ಹದಿಮೂರು ಅಂಶದವರೆಗಿನ ವ್ಯತ್ಯಾಸ ಊರುಗಳ ಆಯ್ಕೆಯ ಆಕಸ್ಮಿಕವೂ ಆಗಿರಬಹುದು. ಮೊದಲ ಲೆಕ್ಕ ನಂಬಿದ ಅಧಿಕಾರಿ ಗೆದ್ದೆವೆಂದು ಸಾರಿ ದಾದಿಯರನ್ನು ಬೇರೆಡೆಗೆ ಕಳಿಸಬಹುದು. ದಡಾರಕ್ಕೆ ಆ ವರದಿ ಓದಲು ಬರುವುದಿಲ್ಲ. ಲಸಿಕೆ ತಲುಪದ ಊರನ್ನು ಅದು ಹುಡುಕಿಕೊಂಡು ಹೋಗುತ್ತದೆ.

ಆದ್ದರಿಂದ ಸಮೀಕ್ಷೆಯ ಅಂಕಿ ಕಂಡಾಗ ಎಷ್ಟು ಜನರನ್ನು ಕೇಳಿದರು ಎಂಬುದರ ಜೊತೆಗೆ ಎಷ್ಟು ಊರುಗಳಿಗೆ ಹೋದರು ಎಂದೂ ವಿಚಾರಿಸುವುದು ಒಳ್ಳೆಯದು.