ಬ್ಯಾಟರಿ ಪಂಪಿನ ತಂತಿಗೆ ಬೆಸುಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗ ಬಾಂಧವರೇ,

ಮಳೆ ಹಿಡಿಯುವ ಮುನ್ನ ಮೆಣಸಿನ ಬಳ್ಳಿಗೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆದು ಮುಗಿಯಬೇಕು. ಅದೇ ದಿನ ಬೆನ್ನಿಗೆ ಹೊರುವ ಬ್ಯಾಟರಿ ಪಂಪು ನಿಂತರೆ, ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಿಸಿಲು ಹೋಗಿರುತ್ತದೆ. ಮೋಟಾರು ಸುಟ್ಟಿತೆಂದು ಗಾಬರಿಯಾಗಬೇಡಿರಿ; ಮೊದಲು ತಂತಿಯ ಕೂಡು ನೋಡಿರಿ. ಮೈಲುತುತ್ತದ ನೀರು, ನಮ್ಮ ಮಲೆನಾಡಿನ ತೇವ ಸೇರಿ ಅದು ಕಿಲುಬು ಹಿಡಿದು ಬಿಟ್ಟಿರಬಹುದು. ಇಷ್ಟು ಬೆಸುಗೆಯನ್ನು ಮನೆಯಲ್ಲೇ ಕಲಿಯಬಹುದು.

25 ವಾಟಿನ ಸೋಲ್ಡರಿಂಗ್ ಐರನ್ ರೇಡಿಯೋದ ಸಣ್ಣ ತಂತಿಗೆ ಸಾಕು. ಪಂಪಿನ ದಪ್ಪ ತಂತಿಗೆ ಅದರ ಕಾವು ಸಾಲದು. 60 ವಾಟಿನದು ಲೇಸು. ಒಳಗೆ ರಾಳ ತುಂಬಿದ ಬೆಸುಗೆ ತಂತಿಯನ್ನೇ ಕೇಳಿ ತನ್ನಿರಿ. ತಗಡಿಗೆ ಬಳಸುವ ಆಮ್ಲ ಬೇಡವೇ ಬೇಡ, ಉಳಿದದ್ದು ತಂತಿಯನ್ನೇ ತಿನ್ನುತ್ತದೆ.

ಬ್ಯಾಟರಿಯ ಸಂಪರ್ಕ ತೆಗೆದು, ತಾಮ್ರ ಹೊಳೆಯುವಂತೆ ಉಜ್ಜಿ, ತಂತಿಗಳನ್ನು ಹೊಸೆಯಿರಿ. ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ್ದೀರಲ್ಲ? ಪಾತ್ರೆ ಕಾಯದೆ ತವರ ಹಿಡಿಯದು. ಇಲ್ಲಿಯೂ ಹಾಗೆಯೇ. ಕಾದ ತುದಿಯನ್ನು ತಂತಿಯ ಕೆಳಗೆ ಹಿಡಿದು, ಬೆಸುಗೆಯನ್ನು ಮೇಲಿನಿಂದ ತಂತಿಗೆ ಮುಟ್ಟಿಸಿರಿ. ಅದು ಕರಗಿ ಎಳೆಗಳೊಳಗೆ ಇಳಿಯಬೇಕು. ಮೇಲೆ ಗುಂಡಗೆ ನಿಂತರೆ ಹಿಡಿದಿಲ್ಲವೆಂದೇ ತಿಳಿಯಿರಿ. ಆರುವ ತನಕ ಅಲುಗಿಸಬಾರದು. ಆಮೇಲೆ ಎಳೆದು ನೋಡಿ ಟೇಪು ಸುತ್ತಿರಿ. ಮೊದಲ ದಿನವೇ ಪಂಪಿಗೆ ಕೈ ಹಾಕದೆ, ಹಳೆಯ ತಂತಿಯ ತುಂಡುಗಳ ಮೇಲೆ ಹತ್ತಿಪ್ಪತ್ತು ಸಲ ಕೈ ಪಳಗಿಸಿಕೊಳ್ಳಿರಿ.

ಅಂಗಡಿಯ ಬೆಸುಗೆಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಗಾಳಿಯಾಡುವ ಜಗಲಿಯಲ್ಲಿ ಕೂರಿರಿ, ಮಕ್ಕಳು ದೂರವಿರಲಿ, ಕೈ ತೊಳೆಯದೆ ಕವಳ ಹಾಕಬೇಡಿರಿ. ಹಾಲಿನ ಕ್ಯಾನಿಗೆ, ಕುಡಿಯುವ ನೀರಿನ ಕೊಡಕ್ಕೆ ಈ ಬೆಸುಗೆ ಸಲ್ಲದು. ಬ್ಯಾಟರಿಯ ಮೈಗೇ ಕಾವು ತಾಗಿಸುವುದು ಅಪಾಯ; ಆ ಕೆಲಸವನ್ನು ತಿಳಿದವರಿಗೇ ಬಿಡಿರಿ.